ಮುಖ ತೋರಿಸದ ಮೀನು

ನಮ್ಮ ಮನೆಗೆ ಏನು ತಂದರೂ ಅದು ನಮ್ಮದಾಗಿ ಉಳಿಯುವುದಿಲ್ಲ. ಮೊದಲು ಓಣಿಯದಾಗುತ್ತದೆ, ಆಮೇಲೆ ಊರಿನದಾಗುತ್ತದೆ. ರೇಡಿಯೋ ತಂದಾಗ ಹಾಗಾಯಿತು, ಕುಂಡದಲ್ಲಿ ಮಲ್ಲಿಗೆ ಹಚ್ಚಿದಾಗಲೂ ಹಾಗೇ ಆಯಿತು. ಇಷ್ಟಾದರೂ ಬುದ್ಧಿ ಕಲಿಯದೆ ನಾನು ತೊಂಬತ್ತರ ದಶಕದ ಶುರುವಿನಲ್ಲಿ, ಸಿಂಧನೂರಿನ ನಮ್ಮ ಬಾಡಿಗೆ ಮನೆಗೆ, ಕಿರುಬೆರಳಿನಷ್ಟುದ್ದದ ಒಂದು ಸಮುದ್ರದ ಮೀನು ತಂದೆ.

ನನ್ನ ಕೆಲಸ ಮಣ್ಣು ಪರೀಕ್ಷೆ. ರೈತರು ಚೀಲದಲ್ಲಿ ಹೊಲದ ಮಣ್ಣು ತರುತ್ತಾರೆ, ಅದರಲ್ಲಿ ಉಪ್ಪೆಷ್ಟಿದೆ ಎಂದು ನೋಡಿ ಹೇಳುತ್ತೇನೆ. ಕಾಲುವೆ ಬಂದ ಮೇಲೆ ನಮ್ಮ ಕಡೆಯ ಹೊಲಗಳಿಗೆ ನೀರಿನ ಜೊತೆ ಸವಳೂ ಬಂತು, ಹೀಗಾಗಿ ನನಗೆ ಕೆಲಸಕ್ಕೆ ಕೊರತೆ ಇರಲಿಲ್ಲ. ಅದೇ ವಿಷಯದ ತರಬೇತಿಗೆಂದು ನನ್ನನ್ನು ಒಮ್ಮೆ ಮದ್ರಾಸಿಗೆ ಕಳಿಸಿದರು. ಅಲ್ಲಿ ಒಂದು ಸಂಜೆ ಅಂಗಡಿಯೊಂದರ ಗಾಜಿನ ತೊಟ್ಟಿಯಲ್ಲಿ ಅದನ್ನು ಕಂಡೆ. ಮೈಯ ಮುಂದಿನ ಅರ್ಧ ಹಾಲಿನ ಕೆನೆಯ ಬಣ್ಣ, ಹಿಂದಿನ ಅರ್ಧ ಕೆಂಡದ ಬಣ್ಣ, ಬೆನ್ನ ಮೇಲೆ ಉದ್ದಕ್ಕೆ ಎದ್ದ ಒಂದು ಬಿಳಿಯ ರೆಕ್ಕೆ. ಅದು ಈಜುತ್ತಿರಲಿಲ್ಲ. ನೀರಿನ ನಡುವೆ ಸುಮ್ಮನೆ ನಿಂತು, ಏನೋ ನೆನಪಾದಂತೆ ಆಗಾಗ ಆ ರೆಕ್ಕೆಯನ್ನು ಎತ್ತಿ ಇಳಿಸುತ್ತಿತ್ತು.

ಮಸ್ಕಿಯ ಬಂಡೆಗಳ ನಡುವೆ ಬೆಳೆದ ನಾನು ಅಲ್ಲಿಯವರೆಗೆ ಸಮುದ್ರವನ್ನೇ ನೋಡಿರಲಿಲ್ಲ. ಹಿಂದಿನ ದಿನವಷ್ಟೇ ದಂಡೆಗೆ ಹೋಗಿ ನಿಂತು, ಇಷ್ಟು ದೊಡ್ಡದನ್ನು ನೋಡಿ ಏನು ಮಾಡಬೇಕೆಂದು ತಿಳಿಯದೆ ಮರಳಿದ್ದೆ. ಈ ಮೀನನ್ನು ನೋಡಿದಾಗ ಮಾತ್ರ ಸಮುದ್ರ ನನ್ನ ಅಳತೆಗೆ ಬಂತು. ಅಂಗಡಿಯವನು ಇದಕ್ಕೆ ಫೈರ್‌ಫಿಶ್ ಎನ್ನುತ್ತಾರೆ, ಬಡಪಾಯಿ, ಯಾರ ತಂಟೆಗೂ ಹೋಗುವುದಿಲ್ಲ, ಸ್ವಲ್ಪ ಸಪ್ಪಳವಾದರೂ ಕಲ್ಲಿನ ಸಂದಿಗೆ ಸೇರಿಬಿಡುತ್ತದೆ ಎಂದ. ಆ ಕೊನೆಯ ಮಾತನ್ನು ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

೧. ಬಸ್ಸಿನಲ್ಲಿ ತೀರ್ಥ

ಮೊದಲ ಸಲ ತೊಟ್ಟಿಗೆ ಸಮುದ್ರದ ನೀರನ್ನೇ ಹಾಕಬೇಕು, ಆಮೇಲೆ ಬೇಕಾದಾಗ ಈ ಪುಡಿ ಕಲಸಿ ನೀರು ಮಾಡಿಕೊಳ್ಳಬಹುದು ಎಂದು ಅಂಗಡಿಯವನು ಉಪ್ಪಿನ ಪೊಟ್ಟಣಗಳನ್ನೂ ಕೊಟ್ಟಿದ್ದ. ನಾನು ದಂಡೆಯಲ್ಲಿ ಎರಡು ಪ್ಲಾಸ್ಟಿಕ್ ಕ್ಯಾನು ತುಂಬಿಕೊಂಡು ರೈಲು ಹತ್ತಿದೆ. ಗಾಳಿ ತುಂಬಿದ ಚೀಲದಲ್ಲಿದ್ದ ಮೀನು, ಟವೆಲ್ ಸುತ್ತಿಕೊಂಡು, ದಾರಿಯುದ್ದಕ್ಕೂ ನನ್ನ ತೊಡೆಯ ಮೇಲಿತ್ತು.

ರಾಯಚೂರಿನಲ್ಲಿ ಸಿಂಧನೂರಿನ ಬಸ್ಸು ಹತ್ತಿದಾಗ ಕಂಡಕ್ಟರ್ ಕ್ಯಾನುಗಳಲ್ಲಿ ಏನಿದೆ ಎಂದು ಕೇಳಿದ. ಮದ್ರಾಸಿನ ಕಡೆಯ ಸಮುದ್ರದ ನೀರು ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಮುಂದಿನ ಸೀಟಿನಲ್ಲಿದ್ದ ಮುದುಕಿ ಥಟ್ಟನೆ ತಿರುಗಿದಳು. ಅವಳ ಲೆಕ್ಕದಲ್ಲಿ ಆ ಕಡೆ ಎಂದರೆ ರಾಮೇಶ್ವರ. ಬಲಗೈಯನ್ನು ಬಟ್ಟಲು ಮಾಡಿ ನನ್ನ ಮುಂದೆ ಹಿಡಿದಳು. ಇದು ತೀರ್ಥವಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

"ಒಂದ್ ಹನಿ ಕೊಟ್ರ ನಿನ್ನ ಕ್ಯಾನೇನ್ ಬರಿದಾಗಂಗಿಲ್ಲ ಬಿಡೋ ಯಪ್ಪಾ," ಎಂದಳು.

ಕೊಟ್ಟೆ. ಕಣ್ಣಿಗೆ ಒತ್ತಿಕೊಂಡು ಕುಡಿದಳು. ಅವಳ ಮುಖ ಒಮ್ಮೆ ಪೂರ್ತಿ ಕಿವುಚಿಕೊಂಡಿತು. ಇಡೀ ಬಸ್ಸು ಅವಳ ತೀರ್ಪಿಗೆ ಕಾಯುತ್ತಿತ್ತು. ಸಾವಕಾಶವಾಗಿ ಕಣ್ಣು ತೆರೆದು, ಉಪ್ಪಿದೆ, ಖರೇ ಇದೆ ಎಂದಳು. ಅಷ್ಟೇ ಸಾಕಾಯಿತು. ಕಂಡಕ್ಟರನೂ ಕೈ ಒಡ್ಡಿದ. ಮಾನ್ವಿಯಲ್ಲಿ ಬಸ್ಸು ನಿಂತಾಗ ಡ್ರೈವರ್ ತನ್ನ ಪಾಲನ್ನು ಬಾನೆಟ್ಟಿನ ಮೇಲೆ ಚಿಮುಕಿಸಿದ. ತೊಡೆಯ ಮೇಲಿನ ಟವೆಲ್ಲಿನ ಗಂಟಿಗೂ ಒಬ್ಬಿಬ್ಬರು ಕೈ ಮುಗಿದರು. ಸಿಂಧನೂರು ಮುಟ್ಟುವಷ್ಟರಲ್ಲಿ ಒಂದು ಕ್ಯಾನು ಪೂರ್ತಿ ಪ್ರಸಾದವಾಗಿತ್ತು. ಇದು ಬರೀ ನೀರು ಎಂದು ಇಳಿಯುವಾಗ ಕೊನೆಯ ಸಲ ಹೇಳಿ ನೋಡಿದೆ. ಆದರೆ ಆ ಬಸ್ಸು ಅಂದು ದಾರಿಯಲ್ಲಿ ಎಲ್ಲಿಯೂ ಕೆಟ್ಟು ನಿಂತಿರಲಿಲ್ಲ, ಹೀಗಾಗಿ ನನ್ನನ್ನು ನಂಬುವವರು ಯಾರೂ ಉಳಿದಿರಲಿಲ್ಲ.

೨. ಉಪ್ಪು ಕಲಸುವವರು

ಗಾಜಿನ ತೊಟ್ಟಿಯೊಂದನ್ನು ಪಡಸಾಲೆಯ ಮೂಲೆಯಲ್ಲಿಟ್ಟೆ. ಒಳಗೆ ಮಸ್ಕಿಯ ಗುಡ್ಡದಿಂದ ತಂದ ತೂತಿನ ಕಲ್ಲೊಂದನ್ನು ಇಳಿಸಿದೆ. ಮದ್ರಾಸಿನಿಂದ ತಂದ ಹವಳದ ಕಲ್ಲೂ ಇತ್ತು, ಆದರೆ ಮೀನು ಮೂಸಿಯೂ ನೋಡದೆ ನಮ್ಮೂರಿನ ಕಲ್ಲಿನೊಳಗೆ ಸೇರಿಕೊಂಡಿತು. ಇದರಿಂದ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಒಂದು ರವಿವಾರ ಅಂಗಳದಲ್ಲಿ ಕೂತು, ಬಕೆಟ್ಟಿನ ನೀರಿಗೆ ಉಪ್ಪಿನ ಪುಡಿ ಹಾಕಿ ಕೋಲಿನಿಂದ ಕಲಸುತ್ತಿದ್ದೆ. ದಢೇಸುಗೂರಿನ ರೈತರೊಬ್ಬರು ಮಣ್ಣಿನ ಚೀಲ ಹಿಡಿದು ಮನೆಗೇ ಬಂದರು. ಹಿಂದಿನ ವಾರವಷ್ಟೇ ಅವರಿಗೆ, ಹೊಲದಲ್ಲಿ ಉಪ್ಪು ವಿಪರೀತವಿದೆ, ಬಸಿಗಾಲುವೆ ತೋಡಿ ಹೊರಗೆ ಹಾಕಿರಿ ಎಂದು ದೊಡ್ಡ ಭಾಷಣ ಮಾಡಿದ್ದೆ. ಅವರು ಬಕೆಟ್ಟು ನೋಡಿದರು, ನನ್ನನ್ನು ನೋಡಿದರು, ಕಟ್ಟೆಯ ಮೇಲೆ ಕೂತರು.

"ನಮ್ಗ ಉಪ್ಪು ತಗೀರಿ ಅಂತೀರಿ. ಮನ್ಯಾಗ ನೀವ ಕುಂತು ಉಪ್ಪು ಕಲಸಾಕತ್ತೀರಲ್ರೀ," ಎಂದರು.

ಒಳಗಿರುವ ಮೀನಿನ ಕಥೆಯನ್ನೆಲ್ಲ ಹೇಳಿದೆ. ಅವರು ಬಹಳ ಶಾಂತವಾಗಿ ಕೇಳಿ ಎದ್ದು ಹೋದರು. ಮುಂದಿನ ರವಿವಾರ ನಮ್ಮ ಬಾಗಿಲಿಗೆ ಎತ್ತಿನ ಗಾಡಿ ಬಂದು ನಿಂತಿತು. ಅದರಲ್ಲಿ ಅವರ ಬಸಿಗಾಲುವೆಯ ನೀರು ತುಂಬಿದ ಕೊಡಗಳಿದ್ದವು. ಇಷ್ಟು ದಿನ ಸುಮ್ಮನೆ ಹಳ್ಳಕ್ಕೆ ಹರಿಸುತ್ತಿದ್ದೆವು, ಒಂದು ಜೀವಕ್ಕೆ ಉಪಯೋಗವಾಗುವುದಾದರೆ ವಾರವಾರವೂ ತರುತ್ತೇನೆ ಎಂದರು. ತಮ್ಮ ಹೊಲದ ಉಪ್ಪು ಯಾರಿಗಾದರೂ ಬೇಕಾಯಿತಲ್ಲ ಎಂಬ ಖುಷಿ ಅವರ ಮುಖದಲ್ಲಿತ್ತು. ಅದನ್ನು ಕೆಡಿಸಲಾರದೆ ಅಲ್ಲೇ ನೀರು ಪರೀಕ್ಷಿಸಿದೆ. ಭತ್ತಕ್ಕೆ ಹೆಚ್ಚು, ಮೀನಿಗೆ ಕಡಿಮೆ ಎಂದು ಬಂತು.

ಅವರು ಬಹಳ ಹೊತ್ತು ವಿಚಾರ ಮಾಡಿ, "ಅಂದ್ರ ನಮ್ಮ ಹೊಲ ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ ಅನ್ರಿ," ಎಂದು ಗಾಡಿ ತಿರುಗಿಸಿದರು.

೩. ಚಿಟಿಕೆ ಸೀಗಡಿ

ಮೀನು ಅಕ್ಕಿ ತಿನ್ನಲಿಲ್ಲ, ರೊಟ್ಟಿ ತಿನ್ನಲಿಲ್ಲ. ನಮ್ಮದು ಮಾಂಸ ತಿನ್ನದವರ ಓಣಿ. ಅದಕ್ಕೆ ಬೇಕಾದ ಸಣ್ಣ ಸೀಗಡಿ ಸಿಗುವುದು ಮೀನಿನ ಬಜಾರಿನಲ್ಲಿ ಮಾತ್ರ. ತಲೆಯ ಮೇಲೆ ಟವೆಲ್ ಹಾಕಿಕೊಂಡು, ಜನ್ಮದಲ್ಲಿ ಮೊದಲ ಸಲ ಅಲ್ಲಿಗೆ ಹೋದೆ.

ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಬರುತ್ತಿದ್ದ ಬಂಗಾಲಿ ಹೆಂಗಸೊಬ್ಬಳು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ತನ್ನ ಭಾಷೆಯನ್ನೂ ನಮ್ಮ ಭಾಷೆಯನ್ನೂ ಕೂಡಿಸಿ ಎಷ್ಟು ಬೇಕೆಂದು ಕೇಳಿದಳು. ಒಂದು ಚಿಟಿಕೆ ಎಂದೆ. ಮನೆಯಲ್ಲಿ ತಿನ್ನುವವರು ಎಷ್ಟು ಮಂದಿ ಎಂದಳು. ಒಬ್ಬನೇ ಎಂದೆ. ಎಷ್ಟು ದೊಡ್ಡವನು ಎಂದು ಕೇಳಿದಳು. ನಾನು ಕಿರುಬೆರಳು ಎತ್ತಿ ತೋರಿಸಿದೆ.

ಅವಳು ನನ್ನ ಬೆರಳನ್ನೂ, ಒಳಗೆ ಹೋಗಿದ್ದ ನನ್ನ ಗಲ್ಲಗಳನ್ನೂ ನೋಡಿದಳು. ಬಡತನಕ್ಕೆ ನಾಚಿ ಈ ಮನುಷ್ಯ ಏನೋ ಕಥೆ ಕಟ್ಟುತ್ತಿದ್ದಾನೆ ಎಂದು ಅವಳ ಕಣ್ಣೇ ಹೇಳುತ್ತಿತ್ತು. ಸೀಗಡಿಯನ್ನು ಎಲೆಯಲ್ಲಿ ಸುತ್ತಿ ಕೊಟ್ಟು, ಬುಟ್ಟಿಯಿಂದ ಮೊಳದುದ್ದದ ಒಂದು ಮೀನು ತೆಗೆದು ನನ್ನ ಚೀಲಕ್ಕೆ ತುರುಕಿದಳು. ಬೇಡವೆಂದರೆ ಅತ್ತೇಬಿಡುತ್ತಾಳೇನೋ ಅನಿಸಿತು. ಹೊಟ್ಟೆ ತುಂಬ ಉಣ್ಣು ಅಪ್ಪಾ ಎಂದು ಹರಸಿ ಕಳಿಸಿದಳು. ಅಷ್ಟು ಪ್ರೀತಿಯಿಂದ ನನಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ, ಅದನ್ನು ಉಣ್ಣಲಾಗದ ನನ್ನ ಹಣೆಬರಹಕ್ಕೆ ನನಗೇ ಕೆಟ್ಟೆನಿಸಿತು.

ಸೈಕಲ್ಲಿನ ಹ್ಯಾಂಡಲ್ಲಿಗೆ ಚೀಲ, ಚೀಲದ ಹೊರಗೆ ಒಂದು ಗೇಣು ಬಾಲ. ಆ ದರ್ಬಾರಿನಲ್ಲಿ ಇಡೀ ಓಣಿ ದಾಟಿದೆ. ಕಟ್ಟೆಗಳ ಮೇಲಿನ ಮಾತುಗಳು ಒಂದೊಂದಾಗಿ ನಿಂತವು. ನನ್ನ ಹೆಂಡತಿ ಹೊಸ್ತಿಲಲ್ಲಿ ನಿಂತು ಬಾಲವನ್ನು ನೋಡಿದಳು, ತಿರುಗಿ ಒಳಗಿನ ತೊಟ್ಟಿಯನ್ನು ನೋಡಿದಳು.

"ಇದು ಅದ್ರಾಗ ಹಿಡಿಸಂಗಿಲ್ರೀ," ಎಂದಳು.

೪. ಲಾರಿ ಮಾಲೀಕ

ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆ ನೆಲದ ಮೇಲಿನ ಜೀವಗಳಿಗೇ ಕಷ್ಟ. ತೊಟ್ಟಿಯ ಸುತ್ತ ಒದ್ದೆ ಗೋಣಿತಟ್ಟು ಕಟ್ಟಿದೆ, ಕಿಟಕಿಗಳಿಗೂ ಕಟ್ಟಿದೆ, ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ನೀರಿನ ಕಡೆ ತಿರುಗಿಸಿದೆ. ನನ್ನ ಹೆಂಡತಿ ಬೀಸಣಿಗೆ ಹಿಡಿದಳು. ಅವಳು ಹಟ್ಟಿಯ ಗಣಿ ಕಂಪನಿಯ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು, ಅಲ್ಲಿ ಫ್ಯಾನು ನಿಂತದ್ದನ್ನು ನೋಡಿದವಳೇ ಅಲ್ಲ.

ಕರೆಂಟು ಹೋದರೆ ಫ್ಯಾನಿನ ಜೊತೆ ನೀರಿಗೆ ಗಾಳಿ ಊದುವ ಸಣ್ಣ ಮೋಟರೂ ನಿಲ್ಲುತ್ತಿತ್ತು. ಅದು ನಿಂತರೆ ಮೀನಿಗೆ ಉಸಿರಿಲ್ಲ. ಅದಕ್ಕೆ ಒಂದು ಉಪಾಯ ಹೂಡಿದೆ. ಹಳೆಯ ಲಾರಿ ಟ್ಯೂಬೊಂದನ್ನು ತಂದು, ಗಾಳಿ ತುಂಬಿಸಿ, ಸಲಾಯಿನ್ ನಳಿಗೆ ಜೋಡಿಸಿ ನೀರಿಗೆ ಬಿಟ್ಟೆ. ಮಧ್ಯಾಹ್ನದ ಅರೆಗತ್ತಲೆಯಲ್ಲಿ ಗುಳುಗುಳು ಎಂದು ಗುಳ್ಳೆಗಳು ಏಳುವುದನ್ನು ಕೇಳುತ್ತ ಮಲಗಿದರೆ, ಹೊರಗೆ ಬಿಸಿಲಿದೆ, ಊರಿದೆ, ಕಚೇರಿಯಿದೆ ಎಂಬುದೇ ಮರೆತುಹೋಗುತ್ತಿತ್ತು.

ಆದರೆ ಟ್ಯೂಬಿಗೆ ದಿನಾ ಗಾಳಿ ತುಂಬಿಸಬೇಕಲ್ಲ. ಬೆಳಿಗ್ಗೆ ಅದನ್ನು ಹೆಗಲಿಗೆ ಹಾಕಿಕೊಂಡು ಪಂಕ್ಚರ್ ಅಂಗಡಿಗೆ ಹೋಗುತ್ತಿದ್ದೆ. ಲಾರಿ ಯಾವಾಗ ತೆಗೆದುಕೊಂಡಿರಿ ಎಂದು ಅಂಗಡಿಯವನು ಕೇಳಿದ. ಲಾರಿ ಇಲ್ಲ, ಇದು ಮೀನಿಗೆ ಎಂದೆ. ಅವನು ಅತ್ತಿತ್ತ ನೋಡಿ, ದನಿ ತಗ್ಗಿಸಿ, ತಾನು ಯಾರಿಗೂ ಹೇಳುವುದಿಲ್ಲ ಎಂದ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು. ಚಹಾದ ಅಂಗಡಿಯಲ್ಲಿ ಒಬ್ಬರು ತಮ್ಮ ಭಾವಮೈದುನ ಲೈಸೆನ್ಸ್ ತೆಗೆಸಿದ್ದಾನೆ, ಡ್ರೈವರ್ ಬೇಕಾದರೆ ಹೇಳಿ ಎಂದರು. ರೈಸ್ ಮಿಲ್ಲಿನವರು ಅಕ್ಕಿ ಲೋಡು ಹೇರುತ್ತೀರಾ ಎಂದು ಕೇಳಿ ಕಳಿಸಿದರು. ಮಣ್ಣು ಪರೀಕ್ಷೆಯವನಿಗೆ ಲಾರಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಮೆಲ್ಲಗೆ ನಮ್ಮ ಕಚೇರಿಯ ಸಾಹೇಬರ ಕಿವಿಗೂ ಬಿತ್ತು. ಅವರು ನನ್ನನ್ನು ಕರೆಸಿ, ಬಾಗಿಲು ಮುಚ್ಚಿ, ಎಷ್ಟು ಗಾಲಿಯದು ಎಂದು ಕೇಳಿದರು.

೫. ಸಾಹೇಬರು ಬಂದರು

ಲಾರಿಯಲ್ಲ, ಮೀನಿಗಾಗಿ ತಂದ ಟ್ಯೂಬು, ಮನೆಗೆ ಬಂದು ನೀವೇ ನೋಡಿರಿ ಎಂದೆ. ನನ್ನ ಎಲ್ಲ ತೊಂದರೆಯ ಬೇರು ಆ ಮಾತಿನಲ್ಲಿತ್ತು. ಯಾಕೆಂದರೆ ನಮ್ಮ ಮೀನು ನನ್ನೊಬ್ಬನ ಮುಂದೆ ಬಿಟ್ಟರೆ ಯಾರ ಮುಂದೆಯೂ ಹೊರಗೆ ಬರುತ್ತಿರಲಿಲ್ಲ. ಓಣಿಯವರು ಬಂದು, ತೊಟ್ಟಿಯ ಮುಂದೆ ಕೂತು, ಖಾಲಿ ನೀರಿಗೆ ನಮಸ್ಕಾರ ಮಾಡಿ ಹೋಗಿದ್ದರು. ನನ್ನ ಹೆಂಡತಿಯ ಬಳೆ ಸಪ್ಪಳ ಅಡುಗೆಮನೆಯಲ್ಲಿ ಕೇಳಿದರೂ ಸಾಕು, ಅದು ಕಲ್ಲಿನೊಳಗೆ ಮಾಯ.

ಸಾಹೇಬರು ಟಕಟಕ ಬೂಟು ಬಡಿಯುತ್ತ ಬಂದರು. ಒಳಗೆ ಗೋಣಿತಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮಂಚದ ಮೇಲೆ ಲಾರಿ ಟ್ಯೂಬು, ಬಿಸಿಲು ತಾಗದಿರಲಿ ಎಂದು ಹೊದಿಸಿದ ದುಪ್ಪಟಿಯೊಳಗೆ, ಮೆಲ್ಲಗೆ ಉಸಿರು ಬಿಡುತ್ತಿತ್ತು. ಸಾಹೇಬರು ಅದನ್ನು ನೋಡಿ ಯಾರೋ ಬೇನೆಯವರು ಮಲಗಿದ್ದಾರೆ ಎಂದುಕೊಂಡು ದನಿ ತಗ್ಗಿಸಿದರು. ತೊಟ್ಟಿಯ ಮುಂದಿನ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಕಲ್ಲನ್ನು ನೋಡಿದರು. ಮೀನು ಯಾವಾಗ ಬರುತ್ತದೆ ಎಂದು ಕೇಳಿದರು. ಯಾರೂ ಇಲ್ಲದಾಗ ಬರುತ್ತದೆ ಎಂದೆ.

ಅವರು ಕೋಣೆಯ ತಂಪಿಗೆ ಅಲ್ಲೇ ಕಣ್ಣು ಮುಚ್ಚಿ, ಸಣ್ಣಗೆ ಗೊರಕೆ ಹೊಡೆದು, ಚಹಾ ಆರಿದ ಮೇಲೆ ಎದ್ದರು. ನನ್ನ ಹೆಗಲ ಮೇಲೆ ಕೈ ಇಟ್ಟು, ಕೆಲಸ ಎಲ್ಲಿಗೂ ಓಡಿ ಹೋಗುವುದಿಲ್ಲ, ಸ್ವಲ್ಪ ದಿನ ರಜೆಯ ಮೇಲಿರಿ ಎಂದರು. ಅವರ ಕರುಣೆ ನೋಡಿ ನನಗೆ ಹೆದರಿಕೆಯಾಯಿತು. ಲಾರಿಯ ಸುದ್ದಿ ಅಂದೇ ಸತ್ತುಹೋಯಿತು. ಅದರ ಬದಲು ಊರಿನವರಿಗೆ ನನ್ನ ತಲೆ ಕೆಟ್ಟ ಸುದ್ದಿ ಸಿಕ್ಕಿತು.

೬. ಹಟ್ಟಿಯಿಂದ ಮಾವನವರು

ಸಾಹೇಬರು ಹೋದ ಮೇಲೆ ನನ್ನ ಹೆಂಡತಿ ಚಹಾದ ಕಪ್ಪು ತೆಗೆಯುತ್ತ ಸಾವಕಾಶವಾಗಿ ಹೇಳಿದಳು: "ಇದರ ಸಲುವಾಗಿ ಸೆಕಿ ತಡಕೊಂಡೀನಿ, ನಾತ ತಡಕೊಂಡೀನಿ. ಇದರ ಮಾರಿ ಸುದ್ದ ನನಗ ಕಂಡಿಲ್ಲ."

ಅವಳು ಜಗಳ ಮಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆದರೆ ಈ ಮಾತಿನಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ನನಗೆ ಕಾಣುವುದು ತನಗೆ ಕಾಣುವುದಿಲ್ಲ ಎಂಬ ನೋವು. ಅವಳು ಹೇಳಿ ಕಳಿಸಿದಳೋ, ಬಸ್ಸಿನವರೇ ಸುದ್ದಿ ಮುಟ್ಟಿಸಿದರೋ, ಎರಡು ದಿನದಲ್ಲಿ ಹಟ್ಟಿಯಿಂದ ಮಾವನವರು ಬಂದರು. ಚಿನ್ನದ ಗಣಿಯಲ್ಲಿ ನೆಲದ ಕೆಳಗೆ ದುಡಿಯುವವರು, ಮಾತು ಕಡಿಮೆ. ಪಾಳಿ ಮುಗಿಸಿ ನೇರವಾಗಿ ಲಿಂಗಸುಗೂರಿನ ಬಸ್ಸು ಹಿಡಿದು ಬಂದಿದ್ದರು. ನೀರು ಕುಡಿದು, ಮಗಳಿಗೆ, ಬಟ್ಟೆ ತುಂಬಿಕೋ, ಸಂಜೆಯ ಬಸ್ಸಿಗೆ ಹೋಗೋಣ ಎಂದರು. ಅವಳು ಒಳಗೆ ಹೋಗಿ ಟ್ರಂಕು ತೆಗೆದಳು.

ಅವಳು ಹೋದರೆ ಮನೆಯಲ್ಲಿ ಉಳಿಯುವುದು ನಾನು ಮತ್ತು ನನಗೊಬ್ಬನಿಗೇ ಕಾಣುವ ಒಂದು ಮೀನು. ಆಗ ಊರಿನವರ ಮಾತು ಸುಳ್ಳೆಂದು ನಾನೇ ಹೇಗೆ ಹೇಳಲಿ? ಗೋಡೆಗೆ ಆತು ಕೂತುಬಿಟ್ಟೆ.

ಮಾವನವರು ತೊಟ್ಟಿಯ ಮುಂದಿನ ಕುರ್ಚಿಯಲ್ಲಿ ಕೂತರು. ಮನೆಯಲ್ಲಿ ತಂಪಾದ ಜಾಗ ಅದೊಂದೇ ಇತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಗೋಣಿತಟ್ಟಿನ ಸಂದಿಯಿಂದ ಬಂದ ಬಿಸಿಲು ನೀರಿನಲ್ಲಿ ಕರಗಿ ಕೋಣೆಯೆಲ್ಲ ಹಸಿರು ಹಸಿರಾಯಿತು. ಗುಳ್ಳೆಗಳ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಮಾವನವರು ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಗಣಿಯ ಕತ್ತಲೆಯಲ್ಲಿ ಮೇಲೆ ಹೋಗುವ ಲಿಫ್ಟಿಗೆ ಕಾಯುವಾಗ ಕೂರುವ ಹಾಗೆ, ಕದಲದೆ ಕೂತಿದ್ದರು. ಕೆಮ್ಮಲಿಲ್ಲ. ಬೆವರು ಒರೆಸಿಕೊಳ್ಳಲಿಲ್ಲ.

ಮಸ್ಕಿಯ ಕಲ್ಲಿನ ತೂತಿನಲ್ಲಿ ಮೊದಲು ಬಿಳಿಯ ರೆಕ್ಕೆಯ ತುದಿ ಕಂಡಿತು. ಆಮೇಲೆ ಕೆನೆಯ ಬಣ್ಣ, ಆಮೇಲೆ ಕೆಂಡದ ಬಣ್ಣ. ಮೀನು ಹೊರಗೆ ಬಂದು ನೀರಿನ ನಡುವೆ ನಿಂತಿತು. ನಾನು ಉಸಿರು ಹಿಡಿದೆ. ಮಾವನವರು ಕತ್ತು ತಿರುಗಿಸದೆಯೇ, ಗಾಳಿಯಂತಹ ದನಿಯಲ್ಲಿ ಮಗಳನ್ನು ಕರೆದರು.

"ಯವ್ವಾ, ಬಾ ಇಲ್ಲಿ. ಸಪ್ಪಳ ಮಾಡಬ್ಯಾಡ."

ಅವಳು ಸೆರಗನ್ನು ಎರಡೂ ಕೈಯ ಬಳೆಗಳಿಗೆ ಬಿಗಿಯಾಗಿ ಸುತ್ತಿಕೊಂಡು, ತುದಿಗಾಲಲ್ಲಿ ಬಂದು ನೆಲದ ಮೇಲೆ ಕೂತಳು. ಮೀನು ಹೋಗಲಿಲ್ಲ. ಅವಳ ಕಡೆಗೇ ತಿರುಗಿ, ರೆಕ್ಕೆಯನ್ನು ಒಮ್ಮೆ ಎತ್ತಿ ಇಳಿಸಿತು. ನಾವು ಮೂವರೂ ಯಾವುದೋ ಸಮುದ್ರದ ತಳದಲ್ಲಿ ಕೂತಂತೆ ಕೂತಿದ್ದೆವು. ಎಷ್ಟೋ ಹೊತ್ತಿನ ಮೇಲೆ ಅವಳು, ಕಣ್ಣು ಎಷ್ಟು ದೊಡ್ಡವು ಇದಾವಲ್ಲ ಎಂದು ತನಗೆ ತಾನೇ ಅಂದುಕೊಂಡಳು. ಇನ್ನು ಅವಳು ಹೋಗುವುದಿಲ್ಲ ಎಂದು ಗೊತ್ತಾಯಿತು.

ಮಾವನವರು ನಿಟ್ಟುಸಿರು ಬಿಟ್ಟು ತಮ್ಮ ತೀರ್ಮಾನ ಹೇಳಿದರು. ಇಂಥ ಜೀವವನ್ನು ಈ ಸೆಕೆಯಲ್ಲಿ, ಲಾರಿ ಟ್ಯೂಬಿನ ಗಾಳಿಯ ಮೇಲೆ ಇಡುವುದು ಪಾಪ. ಹಟ್ಟಿಯ ಕ್ವಾರ್ಟರ್ಸಿನಲ್ಲಿ ಕರೆಂಟು ಹೋಗುವುದೇ ಇಲ್ಲ. ಮಗಳು ಇಲ್ಲೇ ಇರಲಿ, ಮೀನನ್ನು ತಾವೇ ಕರೆದುಕೊಂಡು ಹೋಗುವುದು.

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ತೊಟ್ಟಿಗೆ ಅಡ್ಡ ಬಂದಳು. "ಒಯ್ಯೂದಾದ್ರ ನನ್ನ ಒಯ್ಯಿ ಯಪ್ಪಾ. ಮೀನ ಮುಟ್ಟಬ್ಯಾಡ," ಎಂದಳು. ಆಮೇಲೆ ತಾನು ಹೋದರೆ ಮೀನನ್ನು ನೋಡುವುದು ಹೇಗೆ ಎಂದು ಹೊಳೆದು, ತಾನೂ ಬರುವುದಿಲ್ಲ ಎಂದಳು.

ಮಾವನವರು ಪೇಚಿಗೆ ಬಿದ್ದರು. ಅತ್ತೆಯವರು ಮಗಳ ಸಲುವಾಗಿ ಹೆಚ್ಚಿಗೆ ರೊಟ್ಟಿ ಬಡಿದಿಟ್ಟಿರುತ್ತಾರೆ, ಇಡೀ ಲೈನಿನ ಮನೆಗಳಿಗೆ ಹೇಳಿರುತ್ತಾರೆ. ಒಬ್ಬರೇ ಹೋದರೆ ಒಳಗೆ ಬಿಡುವುದಿಲ್ಲ. ಯಾರನ್ನಾದರೂ ಕರೆದುಕೊಂಡು ಹೋಗಲೇಬೇಕು. ಅಪ್ಪ ಮಗಳು ಸ್ವಲ್ಪ ಹೊತ್ತು ವಿಚಾರ ಮಾಡಿದರು. ಆಮೇಲೆ ಇಬ್ಬರೂ ಮೆಲ್ಲಗೆ ನನ್ನ ಕಡೆ ತಿರುಗಿದರು. ಹೇಗಿದ್ದರೂ ನನಗೆ ರಜೆ ಇತ್ತು.

ಟ್ರಂಕಿನಿಂದ ಸೀರೆಗಳು ಹೊರಗೆ ಬಂದವು, ನನ್ನ ಅಂಗಿಗಳು ಒಳಗೆ ಹೋದವು. ಮೀನಿಗೆ ಏನು ಹಾಕಬೇಕು, ಉಪ್ಪು ಎಷ್ಟು ಕಲಸಬೇಕು ಎಂದು ಹೇಳಿಕೊಡಲು ಹೋದೆ. ಇಷ್ಟು ದಿನ ನೀವು ಮಾಡುವುದನ್ನು ನಾನು ನೋಡಿಲ್ಲವೇನು ಎಂದಳು.

ಮಾವನವರು ನನ್ನ ರಟ್ಟೆ ಹಿಡಿದು ಬಾಗಿಲಿನ ಹೊರಗೆ ಕರೆತಂದಾಗ ಇಡೀ ಓಣಿ ಕಟ್ಟೆಗಳ ಮೇಲೆ ನಿಂತಿತ್ತು. ಪಂಕ್ಚರ್ ಅಂಗಡಿಯವನು ಮುಂದೆ ಬಂದು ಟ್ರಂಕು ಹೊತ್ತುಕೊಂಡ. ಹಟ್ಟಿಯ ದವಾಖಾನೆ ಚಲೋ ಇದೆ, ಪೂರ್ತಿ ಆರಾಮಾದ ಮೇಲೆಯೇ ಬನ್ನಿ ಎಂದು ನನಗೆ ಧೈರ್ಯ ಹೇಳಿದ. ನನ್ನ ಕಣ್ಣು ತುಂಬಿತು. ಮದುವೆಯಾದ ಮೇಲೆ ಅವಳನ್ನು ಬಿಟ್ಟು ನಾನು ಮಾವನ ಮನೆಗೆ ಹೋಗುತ್ತಿದ್ದುದು ಅದೇ ಮೊದಲು. ಬೀಳ್ಕೊಡಲು ಹೊಸ್ತಿಲಿಗಾದರೂ ಬಂದಾಳು ಎಂದು ತಿರುಗಿ ನಿಂತೆ. ಅವಳು ಮತ್ತೆ ತೊಟ್ಟಿಯ ಮುಂದೆ ಕೂತುಬಿಟ್ಟಿದ್ದಳು. ಹಸಿರು ಕತ್ತಲೆಯಿಂದ ಅವಳ ಪಿಸುಮಾತು ಮಾತ್ರ ಬಂತು.

"ಬಾಗಿಲಾ ಸಾವಕಾಶ ಹಾಕ್ಕೊಂಡ ಹೋಗ್ರಿ. ಒಳಗ ಹೊಕ್ಕೊಂಡ ಬಿಡ್ತೈತಿ."